ಮಡಕೆ ತರಗತಿಗೆ ಮಣ್ಣು ಎಲ್ಲಿಂದ ತರೋಣ?

ಗೆಳೆಯರೇ, ನಿಮ್ಮ ಶಾಲೆಯಲ್ಲಿ ಮಣ್ಣಿನ ಪಾತ್ರೆ ಮಾಡುವ ತರಗತಿ ಶುರು ಮಾಡೋಣ ಅಂತ ಮೇಷ್ಟ್ರು ಹೇಳಿದರು ಎಂದುಕೊಳ್ಳಿ. ತರಗತಿಯಲ್ಲಿ 30 ಮಕ್ಕಳು. ಬೇಕಾದ ಸಾಮಾನಿನ ಪಟ್ಟಿ ಬರೆಯುವ ಕೆಲಸ ನಿಮ್ಮದು. ಏನೇನು ಬರೆಯುತ್ತೀರಿ? ಮಣ್ಣು, ತಿರುಗುವ ಚಕ್ರ, ಬಣ್ಣ, ಮೇಲೆ ಹಚ್ಚುವ ಹೊಳಪು, ಸುಡುವುದಕ್ಕೆ ಕರೆಂಟಿನ ಒಲೆ... ಪಟ್ಟಿ ಉದ್ದವಾದ ಹಾಗೆ ದುಡ್ಡಿನ ಲೆಕ್ಕವೂ ಏರುತ್ತದೆ. 'ಇಷ್ಟೆಲ್ಲ ಎಲ್ಲಿಂದ ತರೋದು?' ಅಂತ ತರಗತಿ ಪಟ್ಟಿಯಲ್ಲೇ ನಿಂತುಹೋಗುವುದೂ ಉಂಟು.

ನಿಲ್ಲಬೇಕಾಗಿಲ್ಲ. ಅಂಗಡಿಯಿಂದ ತರಬೇಕಾದ್ದು ಬಹಳ ಕಡಿಮೆ. ಮುಖ್ಯ ಸಾಮಾನು ನಿಮ್ಮ ಊರಿನ ನೆಲದಲ್ಲೇ ಇದೆ. ಆದರೆ ಕಂಡ ಮಣ್ಣನ್ನೆಲ್ಲ ಬುಟ್ಟಿಗೆ ತುಂಬಿದರೆ ಆಗದು. ತಪ್ಪು ಮಣ್ಣಿನ ಬಟ್ಟಲು ಒಣಗುವಾಗಲೇ ಬಿರಿಯುತ್ತದೆ, ಇಲ್ಲವೇ ಬೆಂಕಿಯಲ್ಲಿ ಸಿಡಿಯುತ್ತದೆ. ಯಾವ ಮಣ್ಣು ಸರಿ ಎಂದು ತಿಳಿಯಲು ನಾಲ್ಕು ಸಣ್ಣ ಪರೀಕ್ಷೆಗಳಿವೆ. ಅವನ್ನು ನೀವೇ ಮಾಡಬಹುದು.

ಮೊದಲು ಲೆಕ್ಕ: ಎಷ್ಟು ಬೇಕು?

ಅಂಗೈಯಗಲದ ಒಂದು ಬಟ್ಟಲಿಗೆ ಸುಮಾರು 500 ಗ್ರಾಂ ಹಸಿ ಮಣ್ಣು ಸಾಕು. ಕೆಟ್ಟದ್ದು, ಮತ್ತೆ ಮಾಡಿದ್ದು ಎಲ್ಲ ಸೇರಿ ತಲೆಗೆ 1 ಕೆ.ಜಿ. ಇಟ್ಟುಕೊಳ್ಳೋಣ. 30 ಮಕ್ಕಳಿಗೆ 30 ಕೆ.ಜಿ. ಕೇಳಲು ದೊಡ್ಡದು ಅನ್ನಿಸುತ್ತದೆ. ಆದರೆ ಹದ ಮಾಡಿದ ಹಸಿ ಜೇಡಿಮಣ್ಣು ಒಂದು ಲೀಟರಿಗೆ ಸುಮಾರು 1.8ರಿಂದ 2 ಕೆ.ಜಿ. ತೂಗುತ್ತದೆ. ಹಾಗಾದರೆ 30 ಕೆ.ಜಿ. ಅಂದ್ರೆ 15ರಿಂದ 17 ಲೀಟರ್, ಅಂದರೆ ಒಂದು ದೊಡ್ಡ ಬಕೆಟ್ಟು, ಅಷ್ಟೇ! ಆ ತೂಕದಲ್ಲಿ ಐದನೆಯ ಒಂದು ಪಾಲು ನೀರೇ ಇರುತ್ತದೆ. ನೆಲದಿಂದ ತಂದ ಮಣ್ಣಿನಲ್ಲಿ ಕಲ್ಲು, ಬೇರು, ಮರಳು ಇರುವುದರಿಂದ ಸೋಸಿದ ಮೇಲೆ ಕಡಿಮೆಯಾಗುತ್ತದೆ. ಆದ್ದರಿಂದ ಒಂದು ಸಿಮೆಂಟ್ ಚೀಲ ತುಂಬ, ಸುಮಾರು 50 ಕೆ.ಜಿ. ಒಣ ಮಣ್ಣು ತಂದರೆ ಧಾರಾಳ.

ಅಂಗಡಿಯಲ್ಲಿ 'ಕ್ಲೇ ಕೊಡಿ' ಅಂದರೆ ಬಣ್ಣಬಣ್ಣದ ಕಡ್ಡಿಗಳ ಡಬ್ಬಿ ಕೊಡುತ್ತಾರೆ. ಅದು ಎಣ್ಣೆ, ಮೇಣ, ಸುಣ್ಣದ ಪುಡಿ ಸೇರಿಸಿ ಮಾಡಿದ್ದು. ಒಣಗುವುದಿಲ್ಲ, ಬೆಂಕಿಗೆ ಇಟ್ಟರೆ ಕರಗಿ ಹೊಗೆಯಾಡುತ್ತದೆ. ಸೊಲ್ಲಾಪುರ ಕಡೆ ಗಣೇಶ ಚವತಿಯ ಹೊತ್ತಿಗೆ ಮಾರುವ ಶಾಡು ಮಣ್ಣು ಬಿಸಿಲಿನಲ್ಲಿ ಒಣಗಿಸುವ ಮೂರ್ತಿಗೆ ಚೆನ್ನ. ಸುಡುವ ಕೆಲಸಕ್ಕೆ ಬೇಕಾದರೆ ಅದನ್ನೂ ಪರೀಕ್ಷೆ ಮಾಡಿಯೇ ಬಳಸಬೇಕು.

ಜೇಡಿಮಣ್ಣು ಅಂಟುವುದು ಏಕೆ?

ಬಂಡೆ ಮಳೆ, ಗಾಳಿ, ಬಿಸಿಲಿಗೆ ಸಾವಿರಾರು ವರ್ಷ ಸವೆದು ಮಣ್ಣಾಗುತ್ತದೆ. ಅದರಲ್ಲಿ ದಪ್ಪ ಕಣ ಮರಳು, ಅದಕ್ಕಿಂತ ಸಣ್ಣದು ಗೋಡು, ಎಲ್ಲಕ್ಕಿಂತ ಸಣ್ಣದು ಜೇಡಿ. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಚಿಕ್ಕದು. ಅಂದರೆ 500 ಕಣಗಳನ್ನು ಸಾಲಾಗಿ ಇಟ್ಟರೂ 1 ಮಿಲಿಮೀಟರ್ ದಾಟುವುದಿಲ್ಲ. ಈ ಕಣಗಳು ಮರಳಿನ ಹಾಗೆ ಗುಂಡಗಿಲ್ಲ, ತೆಳ್ಳಗಿನ ಹಾಳೆಗಳ ಹಾಗಿವೆ.

ಎರಡು ಗಾಜಿನ ತುಂಡುಗಳ ನಡುವೆ ಒಂದು ಹನಿ ನೀರು ಹಾಕಿ ಒತ್ತಿ ನೋಡಿ. ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ, ಎಳೆದು ಬಿಡಿಸಲು ಮಾತ್ರ ಕಷ್ಟ. ಜೇಡಿಯಲ್ಲೂ ಆಗುವುದು ಇದೇ. ನೀರಿನ ತೆಳು ಪದರದ ಮೇಲೆ ಹಾಳೆಗಳು ಜಾರುತ್ತವೆ, ಆದರೆ ಬಿಟ್ಟುಹೋಗುವುದಿಲ್ಲ. ಅದಕ್ಕೇ ನೀವು ಒತ್ತಿದ ಆಕಾರ ಹಾಗೆಯೇ ನಿಲ್ಲುತ್ತದೆ.

ನಿಮ್ಮ ಊರಿನ ಮಣ್ಣು ಯಾವುದು?

ನಮ್ಮ ಕನ್ನಡ ಶಾಲೆಗಳು ಒಂದೇ ಬಗೆಯ ನೆಲದ ಮೇಲಿಲ್ಲ. ಆದ್ದರಿಂದ ಎಲ್ಲರ ಪಟ್ಟಿಯೂ ಒಂದೇ ಆಗಲಾರದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರ ಕಾಲಡಿಯಲ್ಲಿರುವುದು ಹೆಚ್ಚಾಗಿ ಎರೆಮಣ್ಣು. ಲಾವಾ ಹರಿದು ಆರಿದ ಕಪ್ಪು ಶಿಲೆಯಿಂದ ಹುಟ್ಟಿದ ಮಣ್ಣು ಅದು. ಆದವಾನಿ ಕಡೆಯ ಹೊಲಗಳಲ್ಲೂ ಎರೆ ಉಂಟು. ಬೇಸಿಗೆಯಲ್ಲಿ ಎರೆಹೊಲ ಕೈ ತೂರುವಷ್ಟು ಬಿರಿಯುವುದನ್ನು ನೀವು ನೋಡಿದ್ದೀರಿ. ಅದರಲ್ಲಿರುವ ಜೇಡಿಯ ಹಾಳೆಗಳ ಒಳಗೂ ನೀರು ನುಗ್ಗಿ ಉಬ್ಬಿಸುತ್ತದೆ. ನೀರು ಹೋದಾಗ ಮಣ್ಣು ಕುಗ್ಗುತ್ತದೆ, ಬಿರಿಯುತ್ತದೆ. ಹೊಲದಲ್ಲಿ ಆಗುವುದೇ ನಿಮ್ಮ ಬಟ್ಟಲಿನಲ್ಲೂ ಆಗುತ್ತದೆ. ಬರೀ ಎರೆಮಣ್ಣು ತಂದರೆ ತರಗತಿ ಕೆಟ್ಟಿತೆಂದೇ ಲೆಕ್ಕ. ಬೇರೇನಾದರೂ ಬೆರೆಸಬೇಕು.

ಹೊಸೂರು, ಮಡಕಶಿರಾ, ತಾಳವಾಡಿ ಕಡೆ ಕೆಂಪು ಮಣ್ಣು ಹೆಚ್ಚು. ಅದರಲ್ಲಿ ಮರಳಿನ ಪಾಲು ಜಾಸ್ತಿ, ಅಂಟು ಕಡಿಮೆ. ಆದರೆ ಮಳೆನೀರು ಇದನ್ನು ಕೊಚ್ಚಿಕೊಂಡು ಹೋಗುವಾಗ ಭಾರದ ಮರಳು ದಾರಿಯಲ್ಲೇ ಕೂರುತ್ತದೆ, ನುಣುಪಾದ ಜೇಡಿ ಮಾತ್ರ ಕೆರೆಯವರೆಗೆ ತೇಲಿ ಹೋಗಿ ತಳದಲ್ಲಿ ನಿಲ್ಲುತ್ತದೆ. ಜರಡಿ ಹಿಡಿಯುವ ಕೆಲಸವನ್ನು ನೀರೇ ಮಾಡಿಟ್ಟಿದೆ! ಕುಂಬಾರರು ಕೆರೆಯ ಮಣ್ಣು ಹುಡುಕುವುದು ಇದಕ್ಕೇ.

ಕಾಸರಗೋಡಿನಲ್ಲಿ ಮೇಲೆ ಮುರಕಲ್ಲು, ಅದರ ಕೆಳಗೆ ಬಾವಿ ತೋಡುವಾಗ ಸಿಗುವ ಬಿಳಿ ಅಥವಾ ನಸುಗೆಂಪಿನ ಶೇಡಿಮಣ್ಣು. ಶೇಡಿಯಲ್ಲಿ ಪಿಂಗಾಣಿಗೆ ಬಳಸುವ ಕೆಯೊಲಿನ್ ಎಂಬ ಖನಿಜ ಇರುತ್ತದೆ. ಚೀನಾದ ಗಾವೊಲಿಂಗ್ ಎಂಬ ಊರಿನಿಂದ ಬಂದ ಹೆಸರದು. 'ಹಾಗಾದ್ರೆ ನಾವು ಪಿಂಗಾಣಿ ಮಾಡೋಣ' ಅಂತ ಹೊರಡಬೇಡಿ. ಪಿಂಗಾಣಿಗೆ 1,200 ಡಿಗ್ರಿ ಸೆಲ್ಸಿಯಸಿಗಿಂತ ಹೆಚ್ಚು ಶಾಖ ಬೇಕು. ಕುಂಬಾರರ ಆವಿಗೆಯಲ್ಲಿ ಅಷ್ಟು ಶಾಖ ಬರುವುದಿಲ್ಲ. ಅಲ್ಲಿ ಸುಟ್ಟ ಶೇಡಿ ಗಟ್ಟಿಯಾಗದೆ ಪುಡಿ ಉದುರುತ್ತದೆ. ನಿಮಗೆ ಗದ್ದೆಯ ಅಡಿಯ ಬೂದು ಜೇಡಿಯೇ ವಾಸಿ.

ನೀಲಗಿರಿಯವರಿಗೆ ಒಂದು ಮಾತು: ನಿಮ್ಮ ಬೆಟ್ಟದ ಕೋತರಲ್ಲಿ ಮಡಕೆ ಮಾಡುವವರು ಹೆಂಗಸರು. ಯಾವ ಜಾಗದ ಮಣ್ಣು ಒಳ್ಳೆಯದು ಎಂಬ ತಿಳಿವಳಿಕೆ ತಾಯಂದಿರಿಂದ ಮಕ್ಕಳಿಗೆ ಬಂದದ್ದು.

ಕೇಳುವುದು ಹೇಗೆ?

ಮಣ್ಣು ಹುಡುಕಲು ಹೊರಟರೆ ಮೊದಲು ಹೋಗಬೇಕಾದ್ದು ಊರಿನ ಕುಂಬಾರರ ಮನೆಗೆ. ನಮ್ಮ ಊರುಗಳಲ್ಲಿ ಅವರು ಕನ್ನಡದವರೇ ಆಗಿರಬೇಕೆಂದಿಲ್ಲ. ಜೇಡಿಮಣ್ಣಿಗೆ ಮಲಯಾಳದಲ್ಲಿ, ತಮಿಳಿನಲ್ಲಿ 'ಕಳಿಮಣ್' ಅನ್ನುತ್ತಾರೆ. ತೆಲುಗಿನಲ್ಲಿ 'ಬಂಕಮಟ್ಟಿ', ಮರಾಠಿಯಲ್ಲಿ 'ಚಿಕಣಮಾತಿ'. ತೆಲುಗಿನ ಬಂಕ, ಮರಾಠಿಯ ಚಿಕಣ ಎರಡೂ ಅಂಟನ್ನೇ ಹೇಳುತ್ತವೆ ನೋಡಿ. 'ಅಜ್ಜಾ, ಮಣ್ಣು ಎಲ್ಲಿಂದ ತರ್ತೀರಿ? ಎಷ್ಟು ಆಳದಿಂದ? ಅದಕ್ಕೆ ಏನು ಬೆರೆಸ್ತೀರಿ?' ಎಂದು ಈ ಮೂರು ಪ್ರಶ್ನೆ ಕೇಳಿ, ಬರೆದುಕೊಳ್ಳಿ.

ಕೆರೆಯ ಮಣ್ಣು ಯಾರದ್ದೂ ಅಲ್ಲ ಅಂದುಕೊಳ್ಳಬೇಡಿ. ಅಗೆಯಲು ಪಂಚಾಯಿತಿಯನ್ನು ಕೇಳಬೇಕು. ಕುಂಬಾರರು ಅಗೆಯುವ ಜಾಗವಾದರೆ ಅವರನ್ನೂ ಕೇಳಬೇಕು. ಅದು ಅವರ ಅನ್ನ. ದೊಡ್ಡವರು ಜೊತೆಗಿಲ್ಲದೆ ಗುಂಡಿಗೆ ಇಳಿಯಬೇಡಿ. ದಡವನ್ನು ಒಳಗೊಳಗೆ ಕೊರೆದರೆ ಮೇಲಿನ ಮಣ್ಣು ಕುಸಿಯುತ್ತದೆ. ಹುತ್ತದ ಮಣ್ಣು ನುಣುಪಾಗಿರುವುದು ನಿಜ, ಆದರೆ ಒಳಗೆ ಹಾವು ಇರಬಹುದು. ಅದಕ್ಕೆ ಕೈ ಹಾಕುವುದು ಬೇಡ.

ನಾಲ್ಕು ಪರೀಕ್ಷೆಗಳು

ಎರಡು-ಮೂರು ಜಾಗಗಳಿಂದ ಒಂದೊಂದು ಹಿಡಿ ಮಣ್ಣು ತಂದು, ಚೀಟಿ ಅಂಟಿಸಿ, ಎಲ್ಲಕ್ಕೂ ಈ ಪರೀಕ್ಷೆ ಮಾಡಿ.

1. ಬಾಟಲಿ ಪರೀಕ್ಷೆ: ಪಾರದರ್ಶಕ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಮಣ್ಣು, ಮಿಕ್ಕಿದ್ದು ನೀರು. ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಒಂದು ನಿಮಿಷದೊಳಗೆ ಮರಳು ಕೂರುತ್ತದೆ. ಕೆಲವು ಗಂಟೆಗಳಲ್ಲಿ ಗೋಡು. ಜೇಡಿ ಕೂರಲು ಒಂದು ದಿನವೋ ಇನ್ನೂ ಹೆಚ್ಚೋ ಬೇಕು. ಮೂರು ಪದರಗಳ ಎತ್ತರವನ್ನು ಸ್ಕೇಲಿನಿಂದ ಅಳೆಯಿರಿ. ಯಾವುದರಲ್ಲಿ ಜೇಡಿ ಎಷ್ಟು ಎಂದು ಗೊತ್ತಾಗುತ್ತದೆ.

2. ಬಳೆ ಪರೀಕ್ಷೆ: ಹದವಾಗಿ ನಾದಿದ ಮಣ್ಣನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ. ಬಿರುಕಿಲ್ಲದೆ ಸುತ್ತಿದರೆ ಅಂಟು ಸಾಕು. ತುಂಡಾದರೆ ಮರಳು ಹೆಚ್ಚು.

3. ಕುಗ್ಗುವ ಪರೀಕ್ಷೆ: ಹಸಿ ಮಣ್ಣಿನಲ್ಲಿ 14 ಸೆಂ.ಮೀ. ಉದ್ದ, 1 ಸೆಂ.ಮೀ. ದಪ್ಪದ ಪಟ್ಟಿ ಮಾಡಿ. ಅದರ ಮೇಲೆ ಸರಿಯಾಗಿ 10 ಸೆಂ.ಮೀ. ಅಂತರಕ್ಕೆ ಎರಡು ಗೀರು ಹಾಕಿ. ನೆರಳಿನಲ್ಲಿ ಪೂರ್ತಿ ಒಣಗಿಸಿ ಮತ್ತೆ ಅಳೆಯಿರಿ. 9.3 ಸೆಂ.ಮೀ. ಬಂದರೆ 7 ಶೇಕಡ ಕುಗ್ಗಿದೆ, ಒಳ್ಳೆಯದು. 8.6 ಬಂದರೆ 14 ಶೇಕಡ. ಅಂಥ ಮಣ್ಣಿನ ಬಟ್ಟಲು ಬಿರಿಯುವ ಸಂಭವ ಹೆಚ್ಚು. ಉದ್ದ 7 ಶೇಕಡ ಕುಗ್ಗಿದರೆ ಗಾತ್ರ ಎಷ್ಟು ಕುಗ್ಗುತ್ತದೆ? 0.93 ಅನ್ನು ಮೂರು ಸಲ ಗುಣಿಸಿ. ಸುಮಾರು 0.80. ಐದನೆಯ ಒಂದು ಭಾಗ ಮಾಯ!

4. ಸುಣ್ಣದ ಪರೀಕ್ಷೆ: ಒಣ ಮಣ್ಣಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಹಾಕಬೇಕು. ಇದನ್ನು ಮೇಷ್ಟ್ರೇ ಹಾಕಲಿ. ನೊರೆ ಎದ್ದರೆ ಸುಣ್ಣ ಇದೆ. ಎರೆಮಣ್ಣಿನಲ್ಲಿ ಬಿಳಿ ಸುಣ್ಣದ ಹರಳುಗಳು ಸಾಮಾನ್ಯ. ಬೆಂಕಿಯಲ್ಲಿ ಶಾಖ 800 ಡಿಗ್ರಿ ದಾಟಿದಾಗ ಆ ಹರಳು ಸುಟ್ಟ ಸುಣ್ಣವಾಗುತ್ತದೆ. ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಚೆನ್ನಾಗಿ ಸುಟ್ಟ ಮಡಕೆಯ ಗೋಡೆಯನ್ನೇ ಒಡೆದು ಹೊರಬರುತ್ತದೆ, ಕೆಲವೊಮ್ಮೆ ವಾರಗಳಾದ ಮೇಲೆ. ಹರಳು ಇದ್ದರೆ ಸೋಸಿ ತೆಗೆಯಲೇಬೇಕು.

ಹದ ಮಾಡುವುದು

ತಂದ ಮಣ್ಣನ್ನು ಮೊದಲು ಪೂರ್ತಿ ಒಣಗಿಸಿ, ಆಮೇಲೆ ನೀರಿಗೆ ಹಾಕಿ. ಹಸಿ ಹೆಂಟೆಯನ್ನು ನೀರಿಗೆ ಹಾಕಿದರೆ ದಿನಗಟ್ಟಲೆ ಹಾಗೇ ಕೂರುತ್ತದೆ. ಒಣ ಹೆಂಟೆಯಾದರೆ ನೀರು ಅದರ ಸಣ್ಣ ರಂಧ್ರಗಳಿಗೆಲ್ಲ ನುಗ್ಗುವುದರಿಂದ ತಾನೇ ಉದುರಿ ಕೆಸರಾಗುತ್ತದೆ. ಎರಡನ್ನೂ ಎರಡು ಲೋಟದಲ್ಲಿ ಹಾಕಿ ಹೋಲಿಸಿ ನೋಡಿ.

ಕೆಸರನ್ನು ಹಳೆಯ ಸೊಳ್ಳೆಪರದೆಯಲ್ಲಿ ಸೋಸಿ. ಒಂದೆರಡು ದಿನ ಬಿಟ್ಟು ಮೇಲಿನ ತಿಳಿನೀರು ಚೆಲ್ಲಿ. ಉಳಿದ ಕೆಸರನ್ನು ಹಳೆಯ ಹತ್ತಿ ಬಟ್ಟೆಯ ಮೇಲೆ ಹರಡಿದರೆ ಚಪಾತಿ ಹಿಟ್ಟಿನ ಹದಕ್ಕೆ ಬರುತ್ತದೆ. ನಾದಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಇಡಿ. ನೀರು ಪ್ರತಿ ಕಣದ ನಡುವೆಯೂ ಸೇರಿ ಮಣ್ಣು ಇನ್ನಷ್ಟು ಮೆತ್ತಗಾಗುತ್ತದೆ.

ಕುಗ್ಗುವುದು ಹೆಚ್ಚಿದ್ದರೆ ಬೆರಕೆ ಬೇಕು. ಒಡೆದ ಮಂಗಳೂರು ಹಂಚು ಇದೆಯಲ್ಲ, ಅದು ಇದಕ್ಕೆ ಬಹಳ ಒಳ್ಳೆಯ ಸಾಮಾನು. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಅಂದಿನಿಂದ ಕರಾವಳಿಯಲ್ಲಿ ಹಂಚಿನ ಮಾಡು ಹಬ್ಬಿತು. ಹಂಚು ಒಮ್ಮೆ ಸುಟ್ಟ ಮಣ್ಣಾದ್ದರಿಂದ ಮತ್ತೆ ಕುಗ್ಗುವುದಿಲ್ಲ. ಅದರ ಪುಡಿ ಹಸಿ ಮಣ್ಣಿನ ನಡುವೆ ನಿಂತು, ನೀರು ಹೊರಹೋಗಲು ದಾರಿಯನ್ನೂ ಮಾಡಿಕೊಡುತ್ತದೆ. ಹಂಚು ಸಿಗದಿದ್ದರೆ ಇಟ್ಟಿಗೆ ಪುಡಿ, ತೊಳೆದ ಸಣ್ಣ ಮರಳು ಆಗುತ್ತದೆ. ಬಯಲುಸೀಮೆಯ ಕುಂಬಾರರು ಬೂದಿ, ಕತ್ತೆಯ ಲದ್ದಿ ಬೆರೆಸುವುದೂ ಇದೇ ಉದ್ದೇಶಕ್ಕೆ.

ಎಷ್ಟು ಬೆರೆಸಬೇಕು? 10 ಹಿಡಿ ಮಣ್ಣಿಗೆ 1 ಹಿಡಿ, 2 ಹಿಡಿ, 3 ಹಿಡಿ ಪುಡಿ ಹಾಕಿ ಮೂರು ಪಟ್ಟಿ ಮಾಡಿ. ಮೂರನೆಯ ಪರೀಕ್ಷೆಯನ್ನು ಮತ್ತೆ ಮಾಡಿ. ಬಿರಿಯದೆ ಉಳಿದ, ಬಳೆಯಾಗಿಯೂ ಸುತ್ತಿದ ಬೆರಕೆಯೇ ನಿಮ್ಮದು.

ಒಂದು ಎಚ್ಚರಿಕೆ: ಹಂಚು, ಒಣ ಮಣ್ಣು ಕುಟ್ಟುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ನೀರು ಚಿಮುಕಿಸಿ ಕುಟ್ಟಿ, ಮೂಗಿಗೆ ಮಾಸ್ಕ್ ಹಾಕಿ. ತರಗತಿ ಮುಗಿದ ಮೇಲೆ ಕಸ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಉಳಿದ ಸಾಮಾನು

ಮಣ್ಣು ಕತ್ತರಿಸಲು ಎರಡು ಕಡ್ಡಿಗೆ ಕಟ್ಟಿದ ನೈಲಾನ್ ದಾರ. ಗೆರೆ ಕೊರೆಯಲು ಬಿದಿರಿನ ಸೀಳು. ಗೋಡೆ ನುಣುಪು ಮಾಡಲು ತೆಂಗಿನ ಚಿಪ್ಪಿನ ತುಂಡು. ಹೊಳಪು ತರಲು ಹೊಳೆಯ ನುಣ್ಣನೆ ಕಲ್ಲು. ಮಣ್ಣನ್ನು ಒಂದೇ ದಪ್ಪಕ್ಕೆ ಲಟ್ಟಿಸಲು ಲಟ್ಟಣಿಗೆ, ಅದರ ಎರಡು ಬದಿಗೆ ಇಡಲು ಒಂದೇ ದಪ್ಪದ ಎರಡು ರೀಪು. ಕೆಳಗೆ ಹಾಸಲು ಗೋಣಿ. ಚಕ್ರ ಬೇಡವೇ? ಮೊದಲ ವರ್ಷಕ್ಕೆ ಬೇಡ. ಉಂಡೆಗೆ ಹೆಬ್ಬೆರಳು ಒತ್ತಿ ಬಟ್ಟಲು ಮಾಡಬಹುದು, ಹೊಸೆದ ಬತ್ತಿಗಳನ್ನು ಸುತ್ತಿ ಸುತ್ತಿ ಹೂಜಿ ಎಬ್ಬಿಸಬಹುದು.

ಹೊಳಪಿನ ಗಾಜುಲೇಪವನ್ನು, ಅಂದರೆ ಗ್ಲೇಜ್ ಅನ್ನು, ಪಟ್ಟಿಯಿಂದ ಹೊಡೆದುಹಾಕಿ. ಕಡಿಮೆ ಶಾಖದಲ್ಲಿ ಕರಗಲಿ ಅಂತ ಹಿಂದಿನಿಂದಲೂ ಇಂಥ ಲೇಪಗಳಿಗೆ ಸೀಸ ಸೇರಿಸುವುದುಂಟು. ಆ ಪಾತ್ರೆಯಲ್ಲಿ ಹುಣಸೆಹುಳಿ, ಮಜ್ಜಿಗೆ, ಉಪ್ಪಿನಕಾಯಿ ಇಟ್ಟರೆ ಸೀಸ ಕರಗಿ ಊಟದೊಳಗೆ ಸೇರಬಹುದು. ಸೀಸ ಮಕ್ಕಳ ಮಿದುಳಿಗೆ ವಿಷ. ಡಬ್ಬಿಯಲ್ಲಿ ಏನಿದೆ ಎಂದು ತಿಳಿಯದ ಪುಡಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ಬಣ್ಣಕ್ಕೆ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ ಬಳಿದು, ಕಲ್ಲಿನಿಂದ ಉಜ್ಜಿದರೆ ಸುಟ್ಟ ಮೇಲೆ ಚೆಂದದ ಕೆಂಪು ಬರುತ್ತದೆ. ಅದರಲ್ಲಿರುವ ಕಬ್ಬಿಣದ ಆಕ್ಸೈಡೇ ಆ ಬಣ್ಣ.

ಹತ್ತಿರ ಎಲ್ಲೂ ಮಣ್ಣು ಸಿಗದಿದ್ದರೆ, ಹೆಚ್ಚು ಕಲಿಯಬೇಕೆಂದಿದ್ದರೆ, ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ಗೋವಾದ ಶಾಲೆಗಳಿಗೂ ಅದು ದೂರವಲ್ಲ. ಮೇಷ್ಟ್ರು ಅಲ್ಲಿ ವಿಚಾರಿಸಬಹುದು.

ಸುಡುವುದು: ಕುಂಬಾರರ ಆವಿಗೆಯಲ್ಲಿ

ಶಾಲೆಯ ಅಂಗಳದಲ್ಲಿ ಬೆಂಕಿ ಹಾಕುವ ಸಾಹಸ ಬೇಡ. ಕೂಲಿ ಮಾತಾಡಿಕೊಂಡು ಕುಂಬಾರರ ಆವಿಗೆಯಲ್ಲಿ ಸುಡಿಸಿ. ಇಲ್ಲಿ ನಿಮ್ಮ ಮೇಲೆ ಒಂದು ಜವಾಬ್ದಾರಿ ಇದೆ. 1 ಮಿಲಿಲೀಟರ್ ನೀರು ಆವಿಯಾದರೆ ಸುಮಾರು 1,600 ಮಿಲಿಲೀಟರ್ ಆಗುತ್ತದೆ. ದಪ್ಪ ಗೋಡೆಯೊಳಗೆ ಚೂರು ತೇವ ಉಳಿದಿದ್ದರೂ ಆ ಆವಿಗೆ ಹೊರಬರಲು ದಾರಿ ಇಲ್ಲದೆ ಬಟ್ಟಲು ಪಟಾಕಿಯಂತೆ ಸಿಡಿಯುತ್ತದೆ. ಸಿಡಿದ ಚೂರು ಪಕ್ಕದ ಮಡಕೆಗಳನ್ನೂ ಒಡೆಯುತ್ತದೆ. ಆ ಮಡಕೆಗಳು ಕುಂಬಾರರ ವಾರಗಳ ದುಡಿಮೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ನಿಮ್ಮ ಒದ್ದೆ ಬಟ್ಟಲೇ ಆ ದೊಣ್ಣೆಯಾಗಬಾರದು.

ಅದಕ್ಕೆ ಎರಡು ನಿಯಮ. ಗೋಡೆ 1 ಸೆಂ.ಮೀ.ಗಿಂತ ದಪ್ಪ ಬೇಡ. ಒಣಗಿದೆಯೇ ಎಂದು ತಿಳಿಯಲು ಬಟ್ಟಲನ್ನು ಕೆನ್ನೆಗೆ ಒತ್ತಿ ನೋಡಿ. ತಂಪು ಅನ್ನಿಸಿದರೆ ನೀರು ಇನ್ನೂ ಆವಿಯಾಗುತ್ತಿದೆ ಎಂದರ್ಥ. ಇನ್ನೂ ಕೆಲವು ದಿನ ನೆರಳಿನಲ್ಲಿಡಿ.

ಆವಿಗೆಯೊಳಗೆ ಶಾಖ 450ರಿಂದ 600 ಡಿಗ್ರಿಗೆ ಏರುವಾಗ ಜೇಡಿಯ ಕಣಗಳ ರಚನೆಯೊಳಗೇ ಸೇರಿಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಅಲ್ಲಿಂದಾಚೆ ಅದು ನೀರಿನಲ್ಲಿ ಕರಗುವ ಮಣ್ಣಲ್ಲ. ಸುಟ್ಟ ತಕ್ಷಣ ಆವಿಗೆ ತೆರೆಯಲು ಅವಸರ ಮಾಡಬೇಡಿ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಪುಡಿ 573 ಡಿಗ್ರಿಯಲ್ಲಿ ತಟ್ಟನೆ ಗಾತ್ರ ಬದಲಿಸುತ್ತದೆ. ನಿಧಾನ ಆರದಿದ್ದರೆ ಟಣ್ ಅಂತ ಸೀಳು ಬಿಡುತ್ತದೆ.

ಕೈಗೆ ಬಂದ ಬಟ್ಟಲನ್ನು ಒಮ್ಮೆ ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. 200 ಗ್ರಾಂ ಇದ್ದದ್ದು 230 ಗ್ರಾಂ ಆದರೆ 15 ಶೇಕಡ ನೀರು ಕುಡಿದಿದೆ. ಇದು ದೋಷವಲ್ಲ. ಇದೇ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದಕ್ಕೇ ಮಡಕೆಯ ನೀರು ತಂಪು.

ಈಗ ಪಟ್ಟಿ ನೋಡಿ: ಒಂದು ಚೀಲ ಮಣ್ಣು, ಒಡೆದ ಹಂಚು, ಸೊಳ್ಳೆಪರದೆ, ದಾರ, ಚಿಪ್ಪು, ಮಾಸ್ಕ್, ಆವಿಗೆಯ ಕೂಲಿ. ದುಡ್ಡು ಬೇಕಾದ್ದು ಮಾಸ್ಕಿಗೆ, ದಾರಕ್ಕೆ, ಕೂಲಿಗೆ ಮಾತ್ರ. ನಿಮ್ಮ ಮಣ್ಣು ಒಣಗಿದಾಗ ಎಷ್ಟು ಶೇಕಡ ಕುಗ್ಗಿತು, ಯಾವ ಬೆರಕೆ ಹಿಡಿಸಿತು, ಎಷ್ಟು ನೀರು ಕುಡಿಯಿತು ಎಂದು ಊರಿನ ಹೆಸರಿನೊಂದಿಗೆ ನಮಗೆ ಬರೆದು ಕಳಿಸಿ. ಅಕ್ಕಲಕೋಟೆಯ ಎರೆಯನ್ನೂ ಕಾಸರಗೋಡಿನ ಗದ್ದೆ ಜೇಡಿಯನ್ನೂ ಅಕ್ಕಪಕ್ಕ ಇಟ್ಟು ನೋಡೋಣ.